ಹುಬ್ಬಳ್ಳಿ-ಧಾರವಾಡ ಆರೋಗ್ಯ ಬಳಗ: ಫಾರ್ಮಸಿಸ್ಟ್ ಜೋಡಿ ಪ್ರಶ್ನೋತ್ತರ

ರಾಣೆಬೆನ್ನೂರು: ಸರ್, ನೆಗಡಿಗೆ ಅಜಿಥ್ರೋಮೈಸಿನ್ 500 ಮೂರ ದಿನ ತಗೋಬಹುದೇನ್ರಿ?

ಫಾರ್ಮಸಿಸ್ಟ್: ಬ್ಯಾಡ್ರಿ. ಅದು ಬ್ಯಾಕ್ಟೀರಿಯಾದ ರೈಬೋಸೋಮ್ ಹಿಡಿದು ಪ್ರೋಟೀನ್ ತಯಾರಿ ನಿಲ್ಲಸ್ತದ. ನೆಗಡಿ ವೈರಸ್ಸಿಂದು, ಅದಕ್ಕ ರೈಬೋಸೋಮನ ಇಲ್ಲ.

ಬೆಟಗೇರಿ: ಆಸಿಡಿಟಿ ಗುಳಿಗಿ ಪ್ಯಾಂಟೊಪ್ರಜೋಲ್ ಊಟ ಆದಮ್ಯಾಲೆ ನಡೀತೈತ್ರಿ?

ಫಾರ್ಮಸಿಸ್ಟ್: ಊಟಕ್ಕ ಅರ್ಧ ತಾಸ ಮೊದ್ಲ. ಹೊಟ್ಟ್ಯಾಗ ಆಸಿಡ್ ಬಿಡೋ ಪಂಪ್ ಚಾಲೂ ಇದ್ರಷ್ಟ ಅದು ಹತ್ತೋದು, ಪಂಪ್ ಚಾಲೂ ಆಗೋದು ಊಟದ ಹೊತ್ತಿಗೆ.

ಕೇಶ್ವಾಪುರ: ಅವ್ವಗ 68 ವರ್ಷ. ಬಿಪಿಗೆ ದಿನಾ ಟೆಲ್ಮಿಸಾರ್ಟನ್ 40, ಹೈಡ್ರೋಕ್ಲೋರೋಥಯಾಜೈಡ್ 12.5 ಕೂಡಿದ ಗುಳಿಗಿ. ಮಣಕಾಲ ನೋವಿಗೆ ಐದ ದಿನದಿಂದ ಡೈಕ್ಲೋಫೆನಾಕ್ 50, ಎರಡ ಹೊತ್ತು. ನಿನ್ನೆಯಿಂದ ವಾಂತಿ-ಭೇದಿ, ಒಂದಕ್ಕ ಭಾಳ ಕಮ್ಮಿ ಆಗೈತ್ರಿ.

ಫಾರ್ಮಸಿಸ್ಟ್: ಡೈಕ್ಲೋಫೆನಾಕ್ ಈಗಿಂದೀಗ ಬಂದ್ ಮಾಡ್ರಿ. ನಾಳೆ ಅನಬ್ಯಾಡ್ರಿ, ಇವತ್ತ ಆಸ್ಪತ್ರಿಗೆ ಕರ್ಕೊಂಡ ಹೋಗ್ರಿ. ಬಿಪಿ ಗುಳಿಗಿ ಮುಂದಿನ ಡೋಸ್ ಡಾಕ್ಟರನ್ನ ಕೇಳದ ಕೊಡಬ್ಯಾಡ್ರಿ. ಕಿಡ್ನಿ ಹೆಂಗೈತಿ ಅಂತ ತಿಳಿಯಾಕ ರಕ್ತದಾಗ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಬೇಕು.

ಯಾಕಂದ್ರ, ಕಿಡ್ನಿಯ ಸೋಸೋ ಭಾಗಕ್ಕ ರಕ್ತ ತರೋ ನಾಳ ಒಂದು, ಒಯ್ಯೋ ನಾಳ ಒಂದು. ತರೋ ನಾಳ ತೆರೆದಿಡೋದು ಪ್ರೊಸ್ಟಾಗ್ಲ್ಯಾಂಡಿನ್ ಅನ್ನೋ ಮೈಯಾಗಿನ ರಾಸಾಯನಿಕ. ಡೈಕ್ಲೋಫೆನಾಕ್ ಅದನ್ನ ತಯಾರಾಗಾಕ ಬಿಡೂದಿಲ್ಲ, ನಾಳ ಸಣ್ಣಾಗ್ತದ. ಒಯ್ಯೋ ನಾಳ ಬಿಗಿ ಹಿಡಿದು ಒತ್ತಡ ಕಾಯೋದು ಆಂಜಿಯೋಟೆನ್ಸಿನ್ ಅನ್ನೋ ಹಾರ್ಮೋನ್. ಟೆಲ್ಮಿಸಾರ್ಟನ್ ಅದನ್ನ ತಡೀತದ, ನಾಳ ಸಡಿಲ. ಥಯಾಜೈಡ್ ಉಪ್ಪು-ನೀರು ಹೊರಗ ಹಾಕ್ತದ, ಅದರಮ್ಯಾಲೆ ವಾಂತಿ-ಭೇದಿ. ಒಳಗ ಬರೋ ರಕ್ತನೂ ಕಮ್ಮಿ, ಒತ್ತಡನೂ ಇಲ್ಲ. ಸೋಸೋದ ನಿಲ್ತದ. ಬೇಗ ಹಿಡಿದ್ರ ಸಾಮಾನ್ಯವಾಗಿ ಸುಧಾರಸ್ತದ.

ವಾಂತಿ ಎಷ್ಟ ಸಲ? ಕಡೇ ಸಲ ಒಂದಕ್ಕ ಹೋಗಿದ್ದು ಯಾವಾಗ?

ಹಾನಗಲ್: ಡೈಕ್ಲೋ ಬದ್ಲಿ ಐಬುಪ್ರೊಫೇನ್ ಕೊಟ್ರ?

ಫಾರ್ಮಸಿಸ್ಟ್: ಅದೂ ಅದ ಜಾತಿಯ ನೋವಿನ ಗುಳಿಗಿ, ಕೊಡಬ್ಯಾಡ್ರಿ. ಅಸಿಕ್ಲೋಫೆನಾಕ್, ನ್ಯಾಪ್ರಾಕ್ಸೆನ್, ಎಟೊರಿಕಾಕ್ಸಿಬ್ ಸುದ್ದಾ.

ಸಾಧನಕೇರಿ: ಫಾರ್ವರ್ಡ್ ಬಂದೈತಿ ನೋಡ್ರಿ, ದಿನಾ ಮೂರ ಎಳನೀರು ಕುಡದ್ರ ಕಿಡ್ನಿ ಸ್ವಚ್ಛ. ಕೇಶ್ವಾಪುರದವ್ರ, ಮೊದ್ಲ ಇದನ್ನ ಮಾಡ್ರಿ.

ಫಾರ್ಮಸಿಸ್ಟ್: ಮಾಡಬ್ಯಾಡ್ರಿ! ಎಳನೀರಿನಾಗ ಪೊಟ್ಯಾಸಿಯಂ ಭಾಳ. ಟೆಲ್ಮಿಸಾರ್ಟನ್ ಮೊದ್ಲ ಪೊಟ್ಯಾಸಿಯಂ ಹಿಡಿದಿಡ್ತದ, ಕಿಡ್ನಿ ಸೋತ್ರ ಹೊರಗ ಹೋಗೂದಿಲ್ಲ. ಏರಿದ್ರ ಹೃದಯದ ಬಡಿತ ತಪ್ತದ. ಆ ಫಾರ್ವರ್ಡ್ ಅಳಿಸಿ ಹಾಕ್ರಿ.

ಸಾಧನಕೇರಿ: ಎಳನೀರಿಂದ ಯಾರಿಗೆ ಏನಾಗೈತ್ರಿ? ಗುಳಿಗಿ ಮಾರೋರು ಹಿಂಗ ಹೇಳೋದು.

ಹಾನಗಲ್: ಅವರು ಗುಳಿಗಿ ಬಂದ್ ಮಾಡ್ರಿ ಅಂದಾರ, ಮಾರಾಕ ಬಂದಿಲ್ಲ. ಓದಿ ಮಾತಾಡ್ರಿ.

ಸಾಧನಕೇರಿ: ನಿಮ್ಮನ್ನ ಕೇಳಿಲ್ಲ.

ಹಾವೇರಿ: ನಾನು ಬಿಪಿ ಗುಳಿಗಿ ಅಮ್ಲೋಡಿಪಿನ್ ಚಾಲೂ ಮಾಡಿದಮ್ಯಾಲೆ ಪಾದ ಬಾತಾವ, ಯಾಕ್ರಿ?

ರಾಣೆಬೆನ್ನೂರು: ಸರ್, ನೆಗಡಿ ಜೋಡಿ ಗಂಟಲ ನೋವೂ ಐತಿ. ಈಗರ ಅಜಿಥ್ರೋ ತಗೋಳ್ಲಿ?

ಫಾರ್ಮಸಿಸ್ಟ್: ಮ್ಯಾಲೆ ಓದ್ರಿ. ಜ್ವರ, ಗಂಟಲಾಗ ಬಿಳಿ ಕಲೆ ಇದ್ರ ಡಾಕ್ಟರಿಗೆ ತೋರಸ್ರಿ.

ಕೇಶ್ವಾಪುರ: ಆರ ಸಲ ವಾಂತಿ. ನಸುಕಿನಾಗ ಒಂದಕ್ಕ ಹೋಗಿದ್ದು, ಆಮ್ಯಾಲೆ ಇಲ್ಲ. ಆಟೋ ಕರದೀವ್ರಿ.

ಫಾರ್ಮಸಿಸ್ಟ್: ಗುಳಿಗಿ ಪಟ್ಟಿ ಎಲ್ಲಾ ಒಯ್ರಿ, ಖಾಲಿ ಆಗಿದ್ದು ಸುದ್ದಾ. ಡೈಕ್ಲೋಫೆನಾಕ್ ಐದ ದಿನ ಅಂತ ಬಾಯಿ ಬಿಟ್ಟ ಹೇಳ್ರಿ, ಚೀಟಿ ಇಲ್ಲದ ತಗೊಂಡಿದ್ರೂ ಮುಚ್ಚಿಡಬ್ಯಾಡ್ರಿ.

ಹಾವೇರಿ: ಸರ್, ಪಾದ ಬಾವಿದ್ದು?