ಬ್ರಾಂಟೆ ಸೋದರಿಯರ ಅಪ್ಪ ನಿಜಕ್ಕೂ ಕ್ರೂರಿಯಾಗಿದ್ದರಾ?

ಪುಸ್ತಕಪ್ರಿಯ: 'ಜೇನ್ ಐರ್' ಬರೆದ ಶಾರ್ಲೆಟ್ ಬ್ರಾಂಟೆಯ ಜೀವನಚರಿತ್ರೆ ಓದಿ ಮುಗಿಸಿದೆ. 1857ರಲ್ಲಿ ಎಲಿಜಬೆತ್ ಗ್ಯಾಸ್ಕೆಲ್ ಬರೆದದ್ದು. ಅದರಲ್ಲಿ ಅಪ್ಪ ಪ್ಯಾಟ್ರಿಕ್ ಬ್ರಾಂಟೆ ಮಹಾ ಸಿಡುಕ. ಹೆಂಡತಿಯ ರೇಷ್ಮೆ ಉಡುಪು ಕತ್ತರಿಸಿ ಹಾಕಿದರಂತೆ, ಮಕ್ಕಳ ಬಣ್ಣದ ಬೂಟು ಸುಟ್ಟರಂತೆ, ಸಿಟ್ಟು ಬಂದಾಗ ಹಿತ್ತಲ ಬಾಗಿಲಲ್ಲಿ ನಿಂತು ಪಿಸ್ತೂಲು ಹಾರಿಸುತ್ತಿದ್ದರಂತೆ. ಇಂಥ ಪಾದ್ರಿಯ ಮನೆಯಲ್ಲಿ ಶಾರ್ಲೆಟ್, ಎಮಿಲಿ, ಆನ್ ಮೂವರು ಹೆಣ್ಣುಮಕ್ಕಳು ಕಾದಂಬರಿ ಬರೆದದ್ದೇ ಆಶ್ಚರ್ಯ ಅಲ್ವಾ?

ಶರಾವತಿ: ನೀವು ಓದಿದ್ದು ಮೊದಲಿನ ಆವೃತ್ತಿ ಇರಬೇಕು. ಅದೇ ವರ್ಷ ಬಂದ ಮೂರನೇ ಆವೃತ್ತಿಯಲ್ಲಿ ಈ ಕಥೆಗಳನ್ನು ತೆಗೆದುಹಾಕಿದರು. ಅವು ಹುಟ್ಟಿದ್ದು ಆ ಮನೆಯ ಕೆಲಸ ಕಳೆದುಕೊಂಡ ಒಬ್ಬ ದಾದಿಯ ಬಾಯಿಂದ. ಪಿಸ್ತೂಲು ಇದ್ದದ್ದು ನಿಜ. 1812ರಲ್ಲಿ ಯಾರ್ಕ್‌ಷೈರ್‌ನಲ್ಲಿ ಯಂತ್ರಗಳಿಂದ ಕೆಲಸ ಹೋಗುತ್ತದೆ ಅಂತ ಸಿಟ್ಟಾಗಿದ್ದ ಲಡೈಟ್ ಕೆಲಸಗಾರರು ಉಣ್ಣೆ ಬಟ್ಟೆ ಹದ ಮಾಡುವ ಯಂತ್ರ, ಮಿಲ್ಲುಗಳ ಮೇಲೆ ದಾಳಿ ಮಾಡುತ್ತಿದ್ದರು. ಆಗ ಪ್ಯಾಟ್ರಿಕ್ ಹತ್ತಿರದ ಹಾರ್ಟ್ಸ್‌ಹೆಡ್‌ನಲ್ಲಿ ಪಾದ್ರಿ. ರಾತ್ರಿ ಗುಂಡು ತುಂಬಿಟ್ಟು ಮಲಗುವ ಅಭ್ಯಾಸ ಆಯಿತು. ಆ ಕಾಲದ ಪಿಸ್ತೂಲಿಗೆ ಒಮ್ಮೆ ಗುಂಡು ತುಂಬಿದರೆ, ಖಾಲಿ ಮಾಡಲು ಹಾರಿಸುವುದೇ ದಾರಿ. ಬೆಳಗ್ಗೆ ಎದ್ದು ಹಾರಿಸುತ್ತಿದ್ದರು. ಸಿಟ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಕೊಡಚಾದ್ರಿ: ಆ ಕಥೆಗಳು ಸುಳ್ಳೇ ಇರಲಿ. 1824ರಲ್ಲಿ ನಾಲ್ಕು ಹೆಣ್ಣುಮಕ್ಕಳನ್ನು ಕೋವನ್ ಬ್ರಿಜ್ ಶಾಲೆಗೆ ಸೇರಿಸಿದ್ದು ಇವರೇ ತಾನೇ? ಮಾರಿಯಾ, ಎಲಿಜಬೆತ್ ಇಬ್ಬರೂ ಅಲ್ಲಿ ಕಾಯಿಲೆ ಬಿದ್ದು ಮರುವರ್ಷ ಸತ್ತರು.

ಶರಾವತಿ: ಅದು ಬಡ ಪಾದ್ರಿಗಳ ಹೆಣ್ಣುಮಕ್ಕಳಿಗೆಂದೇ ಇದ್ದ ಅಗ್ಗದ ಶಾಲೆ. ಹೆಂಡತಿ 1821ರಲ್ಲೇ ತೀರಿಕೊಂಡಿದ್ದರು. ಮನೆಯಲ್ಲಿ ಆರು ಮಕ್ಕಳು. ಹೆಣ್ಣುಮಕ್ಕಳೂ ಓದಲಿ ಅಂತ ಕಳಿಸಿದರು. ಎಲಿಜಬೆತ್ ಕಾಯಿಲೆ ಬಿದ್ದು ಮನೆಗೆ ಬಂದ ತಕ್ಷಣ ಹೋಗಿ ಶಾರ್ಲೆಟ್, ಎಮಿಲಿಯನ್ನೂ ಕರೆತಂದರು. ಆಮೇಲೆ ಅವರ ಮನೆ ಹೇಗಿತ್ತು ನೋಡಿ. ಪತ್ರಿಕೆಗಳು ಬರುತ್ತಿದ್ದವು. ಅಪ್ಪನ ಕಪಾಟಿನ ಪುಸ್ತಕ ಮುಟ್ಟಬೇಡಿ ಅನ್ನುವವರಿರಲಿಲ್ಲ. 1826ರಲ್ಲಿ ಮಗ ಬ್ರಾನ್‌ವೆಲ್‌ಗೆ ಮರದ ಸೈನಿಕರ ಪೆಟ್ಟಿಗೆ ತಂದುಕೊಟ್ಟರು. ಆ ಗೊಂಬೆಗಳನ್ನೇ ಹಿಡಿದು ಮಕ್ಕಳು ಒಂದು ಇಡೀ ರಾಜ್ಯ ಕಟ್ಟಿ ಕಥೆ ಬರೆಯತೊಡಗಿದರು.

ಅದಕ್ಕೂ ಮುಂಚೆ ಇನ್ನೊಂದು ನಡೆದಿತ್ತು. ಮಕ್ಕಳು ಸಂಕೋಚವಿಲ್ಲದೆ ಮಾತಾಡಲಿ ಅಂತ ಒಂದು ಮುಖವಾಡ ಕೊಟ್ಟು, ಅದರ ಹಿಂದೆ ನಿಲ್ಲಿಸಿ ಒಬ್ಬೊಬ್ಬರನ್ನೇ ಪ್ರಶ್ನೆ ಕೇಳಿದರು. ನಿನ್ನಂಥ ಮಗುವಿಗೆ ಎಲ್ಲಕ್ಕಿಂತ ಏನು ಬೇಕು ಅಂದಾಗ, ನಾಲ್ಕು ವರ್ಷದ ಆನ್ 'ವಯಸ್ಸು, ಅನುಭವ' ಅಂದಳು. ಮಕ್ಕಳ ಮನಸ್ಸಲ್ಲಿ ಏನಿದೆ ಅಂತ ಹೀಗೆ ಕೇಳುವ ಅಪ್ಪ ಕ್ರೂರಿಯಾ?

ಹಳೇಮೇಷ್ಟ್ರು: ಎಲ್ಲರೂ ಮಕ್ಕಳ ಮೂಲಕವೇ ಅವರನ್ನು ನೋಡುತ್ತಿದ್ದೀರಿ. ಐರ್ಲೆಂಡಿನ ಕೌಂಟಿ ಡೌನ್‌ನಲ್ಲಿ 1777ರಲ್ಲಿ ಹುಟ್ಟಿದ ಬಡವರ ಮನೆಯ ಹತ್ತು ಮಕ್ಕಳಲ್ಲಿ ಮೊದಲನೆಯವರು. ಹದಿಹರೆಯದಲ್ಲೇ ಮೇಷ್ಟ್ರಾಗಿ, 25ನೇ ವಯಸ್ಸಿಗೆ ಕೇಂಬ್ರಿಜ್ ಸೇರಿದರು. 1811ರಲ್ಲಿ ಕವನ ಸಂಕಲನ, 1818ರಲ್ಲಿ ಕಿಲಾರ್ನಿಯ ಹುಡುಗಿಯೊಬ್ಬಳ ಕಥೆ ತಂದರು. ಕವಿತೆಗಳು ಸಾಧಾರಣ, ಉಪದೇಶ ಜಾಸ್ತಿ.

ಅವರ ದೊಡ್ಡ ಕೆಲಸ, ಆಮೇಲೆ ಪಾದ್ರಿಯಾಗಿದ್ದ ಹಾವರ್ತ್ ಊರಿನ ನೀರಿನದು. ಶುದ್ಧ ನೀರು ಬೇಕು ಅಂತ 1849ರಲ್ಲಿ ಊರವರ ಜತೆ ಲಂಡನ್ನಿಗೆ ಮನವಿ ಕಳಿಸಿದರು. ಅದಕ್ಕೆ ಸ್ವಲ್ಪ ಮುಂಚೆ ಎಂಟೇ ತಿಂಗಳ ಅಂತರದಲ್ಲಿ ಬ್ರಾನ್‌ವೆಲ್, ಎಮಿಲಿ, ಆನ್ ಮೂವರನ್ನೂ ಕಳೆದುಕೊಂಡಿದ್ದ ಮುದುಕ ಇವರು! ಮರುವರ್ಷ ಬಂದ ಆರೋಗ್ಯ ಇನ್‌ಸ್ಪೆಕ್ಟರ್ ಬ್ಯಾಬೇಜ್ ವರದಿ ಓದಿದರೆ ಎದೆ ಝಲ್ಲೆನ್ನುತ್ತದೆ. ಊರಿನ ಶೇ. 41ಕ್ಕೂ ಜಾಸ್ತಿ ಮಕ್ಕಳು ಆರು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಆ ಮಕ್ಕಳನ್ನು ಮಣ್ಣು ಮಾಡುವಾಗ ಪ್ರಾರ್ಥನೆ ಹೇಳಬೇಕಾದವರು ಇವರೇ.

ಕೊಡಚಾದ್ರಿ: ನೀರಿನ ವಿಷಯ ಒಪ್ಪಿದೆ, ಗೌರವವೂ ಇದೆ. ಆದರೆ ಶಾರ್ಲೆಟ್ ಮದುವೆ? 1852ರಲ್ಲಿ ಇವರ ಸಹಾಯಕ ಪಾದ್ರಿ ನಿಕೋಲ್ಸ್ ಮದುವೆ ಆಗುತ್ತೀಯಾ ಅಂತ ಕೇಳಿದಾಗ ಇವರು ಕೆಂಡಾಮಂಡಲವಾದರು. ಮಗಳಿಗೆ ಆಗ 36 ವರ್ಷ. ಕೊನೆಗೆ 1854ರಲ್ಲಿ ಮದುವೆ ಆದಾಗಲೂ ಚರ್ಚಿಗೆ ಬರಲಿಲ್ಲ. ಮಗಳನ್ನು ಧಾರೆ ಎರೆದುಕೊಟ್ಟದ್ದು ಅವಳ ಹಳೇ ಟೀಚರ್.

ಶರಾವತಿ: ಅದನ್ನು ನಾನೂ ಸಮರ್ಥಿಸುವುದಿಲ್ಲ. ಅದು ಸ್ವಾರ್ಥವೇ. ಉಳಿದಿದ್ದ ಒಬ್ಬಳು ಮಗಳೂ ಹೋಗುತ್ತಾಳೆ ಅನ್ನುವ ಭಯ ಇತ್ತು. 1846ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಾಗ ಅರಿವಳಿಕೆ ಇರಲಿಲ್ಲ. ಶಾರ್ಲೆಟ್ ಕೋಣೆಯಲ್ಲೇ ಇರಲಿ ಅಂತ ಕೇಳಿಕೊಂಡಿದ್ದರು. ಅಷ್ಟು ನೆಚ್ಚಿಕೊಂಡಿದ್ದರು. ಅವರು ಕತ್ತಲೆ ಕೋಣೆಯಲ್ಲಿ ಮಲಗಿದ್ದ ಆ ದಿನಗಳಲ್ಲೇ ಅವಳು 'ಜೇನ್ ಐರ್' ಶುರು ಮಾಡಿದ್ದು.

ಹಳೇಮೇಷ್ಟ್ರು: 1855ರಲ್ಲಿ ಶಾರ್ಲೆಟ್ ಸತ್ತ ಮೇಲೆ ಅದೇ ನಿಕೋಲ್ಸ್ ಆರು ವರ್ಷ ಆ ಮನೆಯಲ್ಲೇ ಇದ್ದು ಮಾವನನ್ನು ಕೊನೆಯವರೆಗೂ ನೋಡಿಕೊಂಡರು.

ಕೊಡಚಾದ್ರಿ: ಅದು ನಿಕೋಲ್ಸ್ ದೊಡ್ಡತನ ಸರ್. ಅದನ್ನು ಮಾವನ ಲೆಕ್ಕಕ್ಕೆ ಬರೆಯಬೇಡಿ.