ಹೀಲಿಯಾಸ್-2ರ ಡೇಟಾ ಭೂಮಿವರೆಗೆ ತಂದರೆ ಸೌರಮಾರುತದ ಗ್ರಾಫ್ ಮಡಚಿಕೊಳ್ಳುತ್ತಿದೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. 1976ರ ಏಪ್ರಿಲ್‌ನಲ್ಲಿ ಹೀಲಿಯಾಸ್-2 ನೌಕೆ ಸೂರ್ಯನಿಂದ ಸುಮಾರು 0.3 ಖಗೋಳಮಾನ (ಸೂರ್ಯನಿಂದ ಭೂಮಿಗಿರುವ ದೂರ 1 ಅಂತ ಹಿಡಿದ ಅಳತೆ) ದೂರದಲ್ಲಿ ಅಳೆದ ಸೌರಮಾರುತದ, ಅಂದರೆ ಸೂರ್ಯನಿಂದ ಹೊರಬರುವ ವಿದ್ಯುದಾವೇಶದ ಕಣಗಳ ಗಾಳಿಯ, ವೇಗ ತಗೊಂಡೆ. ಪ್ರತಿ ಗಂಟೆಯ ಗಾಳಿ ಅದೇ ವೇಗದಲ್ಲಿ ಬಂದರೆ ಭೂಮಿಗೆ ಯಾವಾಗ ಮುಟ್ಟುತ್ತೆ ಅಂತ ಲೆಕ್ಕ ಹಾಕಿ, ಐಎಂಪಿ-8 ಉಪಗ್ರಹದ ಅಳತೆ ಜೊತೆ ಹೋಲಿಸಲು ಹೊರಟೆ. ಗ್ರಾಫ್ ಮಡಚಿಕೊಂಡು, ಒಂದೇ ಗಂಟೆಗೆ ಸೆಕೆಂಡಿಗೆ 350 ಕಿ.ಮೀ., 700 ಕಿ.ಮೀ. ಎರಡೂ ತೋರಿಸುತ್ತಿದೆ. ಮೂರು ರಾತ್ರಿ ಕೋಡ್ ನೋಡಿದೆ, ತಪ್ಪು ಸಿಗಲಿಲ್ಲ.

ಉತ್ತರ 1:
ಸಮಯದ ಕಾಲಂ ಸಾರ್ಟ್ ಮಾಡಿ ನೋಡಿ.

ಪ್ರಶ್ನೆ ಕೇಳಿದವರು:
ಮಾಡಿದೆ ಸರ್. ಮಡಿಕೆ ಹೋಯ್ತು, ಈಗ ಗರಗಸದ ಹಲ್ಲಿನ ಹಾಗೆ ಬರುತ್ತಿದೆ.

ಉತ್ತರ 2:
ಸಾರ್ಟ್ ಬೇಡ. ಕೋಡ್ ಸರಿಯಿದೆ, ವೇಗ ಬದಲಾಗಲ್ಲ ಅನ್ನೋ ಊಹೆ ತಪ್ಪು. ಉಳಿದ ದಾರಿ ಸುಮಾರು 10.5 ಕೋಟಿ ಕಿ.ಮೀ. ಅದಕ್ಕೆ 350ರ ಗಾಳಿಗೆ 83 ಗಂಟೆ ಬೇಕು, 700ರದಕ್ಕೆ 42 ಸಾಕು. ಒಂದು ದಿನ ತಡವಾಗಿ ಹೊರಟದ್ದೂ ನಿಮ್ಮ ಲೆಕ್ಕದಲ್ಲಿ ಮೊದಲು ಹೊರಟದ್ದನ್ನು ಹಾದು ಹೋಗುತ್ತೆ. ನಿಜದಲ್ಲಿ ಹಾಯಲು ಆಗಲ್ಲ. ಕಾಂತಕ್ಷೇತ್ರ ಪ್ಲಾಸ್ಮಾಗೆ, ಅಂದರೆ ಈ ಕಣಗಳ ಗಾಳಿಗೆ, ಅಂಟಿಕೊಂಡಿರುತ್ತೆ, ಹಾಗಾಗಿ ಗಾಳಿಯ ಎರಡು ಹೊಳೆ ಒಂದರೊಳಗೊಂದು ನುಗ್ಗಲ್ಲ. ಹಿಂದಿನದು ಒತ್ತುತ್ತಾ ವೇಗ ಕಳೆದುಕೊಳ್ಳುತ್ತೆ, ಮುಂದಿನದು ವೇಗ ಪಡೆಯುತ್ತೆ, ನಡುವಿನ ಗಾಳಿ ದಟ್ಟವಾಗಿ ಬಿಸಿಯಾಗುತ್ತೆ. 2 ಖಗೋಳಮಾನ ದಾಟಿದ ಮೇಲೆ ಆ ಪಟ್ಟಿಯ ಎರಡೂ ಅಂಚಲ್ಲಿ ಆಘಾತ ತರಂಗ ಹುಟ್ಟೋದು ಸಾಮಾನ್ಯ.

ಸಾಂದ್ರತೆಯನ್ನೂ ಹಾಕಿ ನೋಡಿ, ನನಗೆ ಅದೇ ಕಣ್ಣು ತೆರೆಸಿದ್ದು. ಭೂಮಿ ಹತ್ತಿರ ವೇಗದ ಹೊಳೆ ಬರುವ ಮೊದಲು ಸಾಂದ್ರತೆ ಮೊನಚಾಗಿ ಏರಿ, ವೇಗ ಏರುತ್ತಿದ್ದಂತೆ ಕುಸಿಯುತ್ತೆ. ದೂರದ ವರ್ಗಕ್ಕೆ ತಕ್ಕಂತೆ ಸಾಂದ್ರತೆ ಇಳಿಯುತ್ತೆ ಅಂತ ಸುಮ್ಮನೆ 11ರಿಂದ ಭಾಗಿಸಿದರೆ ಆ ಮೊನೆ ಸಿಗಲ್ಲ.

ದೂರವನ್ನು ಸಣ್ಣ ಹೆಜ್ಜೆಗಳಾಗಿ ಕತ್ತರಿಸಿ, ಪ್ರತಿ ಹೆಜ್ಜೆಯಲ್ಲೂ ಪಕ್ಕದ ರೇಖಾಂಶದ ವೇಗ ನೋಡಿ ಗಾಳಿಯ ವೇಗವನ್ನು ತಿದ್ದುತ್ತಾ ಬನ್ನಿ. ಅಂದಹಾಗೆ ನೌಕೆಯ ರೇಖಾಂಶ ಸೇರಿಸಿದ್ದೀರಾ? ಸೂರ್ಯನ ಹತ್ತಿರ ಅದು ದಿನಕ್ಕೆ ಸುಮಾರು 8 ಡಿಗ್ರಿ ಓಡುತ್ತೆ. ಸೂರ್ಯನ ಒಂದೇ ಜಾಗ ಭೂಮಿಗೆ ಮತ್ತೆ ಎದುರಾಗಲು 27 ದಿನ, ಹಾಗಾಗಿ 13 ಡಿಗ್ರಿ ತಪ್ಪಿದರೆ ಒಂದು ದಿನ ಆಚೀಚೆ.

ಪ್ರಶ್ನೆ ಕೇಳಿದವರು:
ರೇಖಾಂಶ ಮರೆತೇ ಬಿಟ್ಟಿದ್ದೆ! ಎರಡೂ ಸೇರಿಸಿದೆ. ಹೀಲಿಯಾಸ್‌ನಲ್ಲಿ ಪೆಟ್ಟಿಗೆ ಹಾಗಿದ್ದ ಹೊಳೆ ಈಗ ಮುಂದೆ ಕಡಿದಾಗಿ, ಹಿಂದೆ ಉದ್ದಕ್ಕೆ ಇಳಿಜಾರಾಗಿದೆ. ಐಎಂಪಿ-8ರಲ್ಲಿರೋ ಆಕಾರವೇ ಬಂತು, ತುಂಬಾ ಖುಷಿಯಾಯ್ತು. ಅದರ ಡೇಟಾದಲ್ಲಿ ಕೆಲವು ದಿನ ಖಾಲಿ ಇವೆ, ನಡುವೆ ಗೆರೆ ಎಳೆದು ತುಂಬಲೇ?

ಉತ್ತರ 2:
ಬೇಡ. ಹನ್ನೆರಡು ಚಿಲ್ಲರೆ ದಿನದ ಪ್ರತಿ ಸುತ್ತಲ್ಲೂ ಉಪಗ್ರಹ ಕೆಲವು ದಿನ ಭೂಮಿಯ ಕಾಂತಗೋಳದ (ಭೂಮಿಯ ಕಾಂತಕ್ಷೇತ್ರ ಆವರಿಸಿದ ವಲಯ) ಕಡೆ ಇರುತ್ತಿತ್ತು, ಆಗ ಸೌರಮಾರುತ ಅದಕ್ಕೆ ಸಿಗುತ್ತಿರಲಿಲ್ಲ. ಖಾಲಿಯಾಗೇ ಬಿಡಿ.