ದೂರದ ಅಂದಾಜನ್ನು ಮಕ್ಕಳಿಗೆ ಕಲಿಸುವುದು ಹೇಗೆ?

ಪ್ರಶ್ನೆ:
ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬೆಂಗಳೂರಿನಿಂದ ದೆಹಲಿಗೆ ನೇರ ದೂರ ಎಷ್ಟಿರಬಹುದೆಂದು ಎಂಟನೆಯ ತರಗತಿಯಲ್ಲಿ ಕೇಳಿದಾಗ ಒಬ್ಬ ಹುಡುಗ 20,000 ಕಿಲೋಮೀಟರ್ ಎಂದ. ಅದು ಅತಿಯಾಯಿತೆಂದು ಉಳಿದ ಯಾರಿಗೂ ಅನ್ನಿಸಲಿಲ್ಲ. ನನಗೆ ನಿಖರವಾದ ಉತ್ತರ ಬೇಕಿಲ್ಲ. ದೂರ ನೂರರಲ್ಲಿದೆಯೋ, ಸಾವಿರದಲ್ಲಿದೆಯೋ, ಹತ್ತು ಸಾವಿರದಲ್ಲಿದೆಯೋ ಎಂಬುದು ಮೊಬೈಲ್ ನೋಡದೆ ಅವರಿಗೆ ಹೊಳೆಯಬೇಕು. ಎಲ್ಲಿಂದ ಆರಂಭಿಸಲಿ?

ಉತ್ತರ 1:
ಭೂಮಿಯ ಸುತ್ತಳತೆಯಿಂದ ಆರಂಭಿಸಿ. ಅದು ಸುಮಾರು 40,000 ಕಿ.ಮೀ. ಈ ಸಂಖ್ಯೆ ಇಷ್ಟು ದುಂಡಾಗಿರುವುದು ಆಕಸ್ಮಿಕವಲ್ಲ. 1790ರ ದಶಕದಲ್ಲಿ ಫ್ರಾನ್ಸಿನವರು ಉತ್ತರ ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರವನ್ನು ಒಂದು ಕೋಟಿ ಪಾಲು ಮಾಡಿ, ಅದರ ಒಂದು ಪಾಲನ್ನೇ ಮೀಟರ್ ಎಂದು ಗೊತ್ತುಪಡಿಸಿದರು. ಹಾಗಾಗಿ ಭೂಮಿಯ ಮೇಲೆ ಯಾವ ಎರಡು ಊರುಗಳ ನಡುವಿನ ನೇರ ದೂರವೂ ಹೆಚ್ಚೆಂದರೆ ಸುಮಾರು 20,000 ಕಿ.ಮೀ. ಇರಬಲ್ಲದು. ಆ ಹುಡುಗನ ಲೆಕ್ಕದಲ್ಲಿ ದೆಹಲಿ ಭೂಗೋಳದ ಆಚೆ ಬದಿಯಲ್ಲಿದೆ!

ಇನ್ನು 40,000ವನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿ ಅಕ್ಷಾಂಶಕ್ಕೆ 111 ಕಿ.ಮೀ. ಬರುತ್ತದೆ. ಅಟ್ಲಾಸ್ ತೆರೆದು, ಬೆಂಗಳೂರಿನ ಮೇಲೆ ಬೆರಳಿಟ್ಟು ನೇರ ಮೇಲಕ್ಕೆ ಸರಿಸಲು ಹೇಳಿ: 13 ಡಿಗ್ರಿಯಿಂದ ಹೊರಟ ಬೆರಳು 18ರ ಸಮೀಪ ಬೀದರನ್ನು, 28.6ರಲ್ಲಿ ದೆಹಲಿಯನ್ನು ಮುಟ್ಟುತ್ತದೆ, ಏಕೆಂದರೆ ಮೂರೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ಕೆಳಕ್ಕೆ ಸರಿಸಿದರೆ 8ರಲ್ಲಿ ಕನ್ಯಾಕುಮಾರಿ. ಬೀದರಿಗೂ ಕನ್ಯಾಕುಮಾರಿಗೂ ಬೆಂಗಳೂರಿನಿಂದ ಐದೈದು ಡಿಗ್ರಿ, ಅಂದರೆ ಸುಮಾರು 550 ಕಿ.ಮೀ.; ದೆಹಲಿಗೆ 15.6 ಡಿಗ್ರಿ, ಸುಮಾರು 1,730 ಕಿ.ಮೀ.

ಉತ್ತರ 2:
ಅಕ್ಷಾಂಶ ನೆನಪಿಲ್ಲದಾಗ ಎರಡು ಗಡಿ ಹಾಕಿಕೊಳ್ಳಬಹುದು. ದೆಹಲಿ 500 ಕಿ.ಮೀ.ಗಿಂತ ಹತ್ತಿರವಿಲ್ಲ, 5,000 ಕಿ.ಮೀ.ಗಿಂತ ದೂರವಿಲ್ಲ. ಇವೆರಡನ್ನೂ ಕೂಡಿಸಿ ಅರ್ಧ ಮಾಡಬೇಡಿ, ಗುಣಿಸಿ ವರ್ಗಮೂಲ ತೆಗೆಯಿರಿ: 1,580 ಬರುತ್ತದೆ. ಇಂಥ ಅಂದಾಜು ತಪ್ಪಿದರೆ ಎರಡು ಪಟ್ಟು, ಮೂರು ಪಟ್ಟು ಎಂಬಂತೆ ತಪ್ಪುತ್ತದೆ. ಆದ್ದರಿಂದ ಪಟ್ಟುಗಳ ನಡುಬಿಂದುವೇ ಸರಿ.

ಉತ್ತರ 3:
ಒಂದು ಎಚ್ಚರಿಕೆ. 111 ಕಿ.ಮೀ. ಎಂಬುದು ಉತ್ತರ-ದಕ್ಷಿಣದ ಲೆಕ್ಕ. ಪೂರ್ವ-ಪಶ್ಚಿಮವಾಗಿ ಹೋದರೆ ಡಿಗ್ರಿಯ ಅಳತೆ ಧ್ರುವದ ಕಡೆಗೆ ಕುಗ್ಗುತ್ತ ಹೋಗುತ್ತದೆ. ಓಸ್ಲೋ, ಹೆಲ್ಸಿಂಕಿಗಳಿರುವ 60 ಡಿಗ್ರಿಯಲ್ಲಿ ಅದು ಅರ್ಧಕ್ಕಿಳಿಯುತ್ತದೆ. ನಮ್ಮಲ್ಲಿ ಈ ವ್ಯತ್ಯಾಸ ಅಲ್ಪ, ಒಂದು ಡಿಗ್ರಿಗೆ 108 ಕಿ.ಮೀ. ಹಿಡಿಯಬಹುದು. ಬೆಂಗಳೂರು-ಮಂಗಳೂರು ಈ ಲೆಕ್ಕದಲ್ಲಿ 300 ಕಿ.ಮೀ., ಆದರೆ ಶಿರಾಡಿ ಘಾಟಿಯ ತಿರುವುಗಳನ್ನು ಇಳಿದು ಹೋಗುವ ರಸ್ತೆ ಸುಮಾರು 350. ನೇರ ದೂರವೋ ರಸ್ತೆಯ ದೂರವೋ ಎಂಬುದನ್ನು ಪ್ರತಿ ಸಲವೂ ಕೇಳುವ ಅಭ್ಯಾಸ ಮಾಡಿಸಿ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಧನ್ಯವಾದಗಳು. ನಾಳೆ ಬೀದರ್-ಕನ್ಯಾಕುಮಾರಿಯಿಂದಲೇ ಆರಂಭಿಸುತ್ತೇನೆ. ಅಟ್ಲಾಸನ್ನು ಅದೇ ಹುಡುಗನ ಕೈಗೆ ಕೊಡುತ್ತೇನೆ.